ಪೂರ್ಣಿಮಾ ಕೂತಿದ್ದು

ಟಿ. ನಗರದ ರೇಷ್ಮೆ ಅಂಗಡಿಗಳಲ್ಲಿ ಸೀರೆಯನ್ನು ಬಿಡಿಸಿ ತೋರಿಸಿದರೆ ಸಾಲದು, ಹಾಕಿಕೊಂಡು ತೋರಿಸಬೇಕು. ಮಾರುವ ಹೆಂಗಸು ತನ್ನ ಯೂನಿಫಾರಂ ಸೀರೆಯ ಮೇಲೆಯೇ ನೆರಿಗೆ ಹಿಡಿದು, ಸೆರಗನ್ನು ಹೆಗಲಿಗೇರಿಸಿ ಕನ್ನಡಿ ಮುಂದೆ ನಿಲ್ಲುತ್ತಾಳೆ. ಮದುವೆ ಹುಡುಗಿ ಕುರ್ಚಿಯಲ್ಲಿ ಕೂತು ಅವಳನ್ನು ನೋಡಿ ತನಗೆ ಹೇಗೆ ಒಪ್ಪುತ್ತದೆ ಅಂತ ಲೆಕ್ಕ ಹಾಕುತ್ತಾಳೆ. ನಮ್ಮ ಪೂರ್ಣಿಮಾ ಇಪ್ಪತ್ತು ವರ್ಷ ಹೀಗೆ ನಿಂತವಳು. ತಿಪಟೂರು ಕಡೆಯವಳು. ಗಂಡ ವಿಶ್ವಾರಾಧ್ಯರ ಜವಳಿ ವ್ಯಾಪಾರ ಮುಳುಗಿದ ಮೇಲೆ ಈ ಕೆಲಸಕ್ಕೆ ಸೇರಿದಳು. ಕರ್ನಾಟಕದಿಂದ ಮದುವೆ ಜವಳಿಗೆ ಬರುವವರ ಜತೆ ಕನ್ನಡದಲ್ಲಿ ಮಾತಾಡಲು ಒಬ್ಬಳು ಬೇಕಿತ್ತು ಅಂತ ತೆಗೆದುಕೊಂಡರಂತೆ. ಆಮೇಲೆ ನೋಡಿದರೆ ತಮಿಳರೂ ಅವಳನ್ನೇ ಕೇಳಿಕೊಂಡು ಬರತೊಡಗಿದರು. ಪೂರ್ಣಿಮಾ ಹೆಗಲಿಗೆ ಬಿದ್ದ ಸೀರೆ ಮತ್ತೆ ಕಪಾಟಿಗೆ ಹೋಗಲ್ಲ ಅನ್ನುವ ಮಾತು ಅವಳು ನಿಲ್ಲುತ್ತಿದ್ದ ಮೂರನೇ ಮಹಡಿಯಲ್ಲಿತ್ತು. ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ! ಜಂಬ ಇತ್ತು, ಇರಲಿ ಬಿಡಿ. ಅವಳಿಗೆ ಇದ್ದದ್ದು ಅದೊಂದೇ.

ಕಡಲ ಬದಿಯ ತಿರುವೊಟ್ಟಿಯೂರಿನಲ್ಲಿ ನಮ್ಮಿಬ್ಬರದೂ ಒಂದೇ ಕಾಂಪೌಂಡು. ಅವಳಿಗೆ ಐವತ್ತೊಂದು, ನನಗೆ ಎರಡು ವರ್ಷ ಹೆಚ್ಚು. ಹಾಗಾಗಿ ಅವಳಿಗೆ ಏನಾಗುತ್ತಿದೆ ಅನ್ನುವುದು ಅವಳಿಗಿಂತ ಮೊದಲು ನನಗೇ ಗೊತ್ತಾಯಿತು. ಮುಟ್ಟು ಬಂದಂತೆ ಮಾಡಿ, ಹೋದಂತೆ ಮಾಡಿ, ಕೊನೆಗೆ ನಿಂತೇಹೋಯಿತು. ಸೊಂಟ ಅಗಲವಾಯಿತು, ಮಂಡಿ ಊದಿತು. ಎಲ್ಲಕ್ಕಿಂತ ಕೆಟ್ಟದ್ದು ಆ ಬಿಸಿ. ಎದೆಯಿಂದ ಎದ್ದು ಕುತ್ತಿಗೆಗೆ, ಮುಖಕ್ಕೆ ಹರಡಿ, ಎಸಿ ಇದ್ದರೂ ಬೆವರು ಕಿತ್ತುಕೊಂಡು ಬರುತ್ತದೆ. ನಾನಾದರೆ ಮನೆಯಲ್ಲಿ ಬೀಸಣಿಗೆ ಹಿಡಿದು ಕೂರುತ್ತೇನೆ. ಅವಳ ಹೆಗಲ ಮೇಲೆ ಯಾರದೋ ಧಾರೆ ಸೀರೆ ಇರುತ್ತದೆ. ರೇಷ್ಮೆಗೆ ಬೆವರು ತಾಕಿದರೆ ಕಲೆ. ಕಲೆಯಾದರೆ ಆ ಸೀರೆ ಧಾರೆಗಾಗುವುದಿಲ್ಲ, ಅವಳಿಗೂ ಆ ಮಹಡಿಯಲ್ಲಿ ಜಾಗ ಇರುವುದಿಲ್ಲ. ಕುತ್ತಿಗೆಗೆ ಪೌಡರ್ ಮೆತ್ತಿ, ರವಿಕೆಯೊಳಗೆ ಕರ್ಚೀಫು ಸಿಕ್ಕಿಸಿಕೊಂಡು ಹೋಗುತ್ತಿದ್ದಳು.

ಮಗಳು ಪ್ರಣಮ್ಯಾಗೆ ಪೆರುಂಗುಡಿಯಲ್ಲಿ ಐಟಿ ಕೆಲಸ, ಅಲ್ಲೇ ಹಾಸ್ಟೆಲು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಅವರ ಆಫೀಸಿನಲ್ಲಿ ನಡುವಯಸ್ಸಿನ ಹೆಂಗಸರಿಗೆ ಅಂತ ಏನೋ ಕ್ಲಾಸು ನಡೆಯಿತಂತೆ. ಭಾನುವಾರ ಬಂದವಳು ಅದನ್ನೆಲ್ಲ ಅಮ್ಮನಿಗೆ ಒಪ್ಪಿಸಿದಳು. ಮೈ ಬದಲಾದರೆ ಬೈದುಕೊಳ್ಳಬಾರದು, ದಂಡಿಸಬಾರದು, ಅದು ಹೇಳಿದ್ದನ್ನು ಕೇಳಬೇಕು. "ಉನ್ ಬಾಡಿ ಸೊಲ್ರದೆ ಕೇಳುಮ್ಮಾ," ಅಂದಳು.

"ಕೇಳಿದೀನಿ ಕಣೇ," ಅಂದಳು ಪೂರ್ಣಿಮಾ. "ಮೈ ಕೂತ್ಕೋ ಅನ್ನುತ್ತೆ. ಅಂಗಡಿ ನಿಂತ್ಕೋ ಅನ್ನುತ್ತೆ. ಸಂಬಳ ಕೊಡೋದು ಅಂಗಡಿ."

ಅಂಗಡಿಯಲ್ಲಿ ಸ್ಟೂಲು ಇರಲಿಲ್ಲ ಅಂತಲ್ಲ. ನಿಂತು ಕೆಲಸ ಮಾಡುವವರಿಗೆ ಕೂರಲು ಕೊಡಲೇಬೇಕು ಅಂತ ಸರಕಾರ ಕಾನೂನು ಮಾಡಿದಾಗ ಕೌಂಟರಿಗೊಂದರಂತೆ ಬಂದವು. ಬಂದ ಮರುದಿನವೇ ಅವುಗಳ ಮೇಲೆ ಸೀರೆ ಡಬ್ಬ ಪೇರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸೂಪರ್‌ವೈಸರ್ ಅಜಯ್ ಕೂರಬೇಡಿ ಅಂತ ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಕೂತವರ ಕಡೆ ಒಮ್ಮೆ ನೋಡುತ್ತಿದ್ದ, ಅಷ್ಟೇ.

ನಾನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಇದು ಕಾಯಿಲೆ ಅಲ್ಲಮ್ಮಾ, ಸಡಿಲ ಬಟ್ಟೆ ಹಾಕಿ, ಆಗಾಗ ಕೂತ್ಕೊಳ್ಳಿ, ಸಂಜೆ ಸ್ವಲ್ಪ ನಡೀರಿ, ಮುಚ್ಚಿಟ್ಟುಕೊಂಡು ಒದ್ದಾಡಬೇಡಿ ಅಂದರು. ಮಗಳು ಹೇಳಿದ್ದೂ ಅದೇ, ನಾನು ವರ್ಷದಿಂದ ಹೇಳಿದ್ದೂ ಅದೇ. ಡಾಕ್ಟರಮ್ಮ ಹೇಳಿದ್ದಕ್ಕೆ ಮರ್ಯಾದೆ! ರವಿಕೆಗಳ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿದಳು. ಪೌಡರ್ ಬಿಟ್ಟಳು. ರಜೆಯ ಸಂಜೆ ನನ್ನ ಜತೆ ಕಡಲ ದಡಕ್ಕೆ ಹಾಕಿದ ಕಲ್ಲುಗಳ ತನಕ ನಿಧಾನಕ್ಕೆ ನಡೆದಳು. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಡಬ್ಬಗಳನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು.

"ಅಜಯ್ ನೋಡಿದ ಕಣಕ್ಕಾ. ನಾನೂ ನೋಡಿದೆ. ಆಕಾಶ ಏನು ತಲೆ ಮೇಲೆ ಬೀಳಲಿಲ್ಲ," ಅಂತ ನಕ್ಕಳು. ಆ ದಿನಗಳಲ್ಲಿ ಅವಳ ಮುಖ ನೋಡಿದರೆ ನನಗೂ ಹಾಯೆನಿಸುತ್ತಿತ್ತು.

ಲಗ್ನದ ಕಾಲ ಶುರುವಾಯಿತು. ದಾವಣಗೆರೆಯಿಂದ ಒಂದು ಮನೆಯವರು ಬಂದರು. ಎಲ್ಲ ಕುರ್ಚಿಗಳೂ ತುಂಬಿದ್ದವು. ಹುಡುಗಿಯ ತಾಯಿ ನಿಂತಲ್ಲೇ ಕೆಂಪಾಗಿ, ಲಗ್ನಪತ್ರಿಕೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಪೂರ್ಣಿಮಾಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತನ್ನ ಸ್ಟೂಲನ್ನೇ ಎತ್ತಿ ತಂದು ಅವರನ್ನು ಕೂರಿಸಿದಳು, ನೀರು ಕೊಟ್ಟಳು.

"ಹೆದರಬೇಡಿ ಅಮ್ಮಾ, ಇದು ನಮ್ಮ ವಯಸ್ಸಿನ ಬಿಸಿ. ನನಗೂ ಹೀಗೇ, ಇದ್ದಕ್ಕಿದ್ದಂಗೆ ಬೆವರು ಸುರಿಯುತ್ತೆ. ಆಮೇಲೆ ತಾನೇ ಹೋಗುತ್ತೆ," ಅಂದಳು.

ಆಕೆ ಅವಳ ಕೈ ಹಿಡಿದುಕೊಂಡರಂತೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅರಿಶಿನ ಬಣ್ಣದ ಧಾರೆ ಸೀರೆಯೊಂದನ್ನು ಆರಿಸಿದರು. ಪೂರ್ಣಿಮಾ ನೆರಿಗೆ ಹಿಡಿದು, ಸೆರಗು ಹೆಗಲಿಗೆ ಹಾಕಿಕೊಂಡಳು. ಸ್ಟೂಲಿನ ಮೇಲಿಂದಲೇ ಆಕೆ, "ಅಯ್ಯೋ, ಬ್ಯಾಡ್ರಿ," ಅಂದರು. "ಬೆವರು ಸುರಿತದ ಅಂತ ನೀವೇ ಅಂದ್ರಲ್ಲ. ಧಾರೆ ಸೀರೆ ಅದು. ಆ ಹುಡುಗಿ ಮೈಮ್ಯಾಲೆ ಹಾಕಿ ತೋರಿಸ್ರಿ."

ಆ ಹುಡುಗಿ ಅಂದರೆ ನೇಹಾ, ಹೊಸದಾಗಿ ಸೇರಿದವಳು, ನೆರಿಗೆ ಹಿಡಿಯುವುದನ್ನು ಪೂರ್ಣಿಮಾಳಿಂದಲೇ ಕಲಿಯುತ್ತಿದ್ದವಳು. ಏನೋ ಆಯಿತು ಅಂತ ಅಜಯ್ ಬಂದ. "ಎನ್ನ ಸೊಲ್ರಾಂಗ, ಅಕ್ಕಾ?" ಏನು ಹೇಳ್ತಿದಾರೆ ಅಂತ ಕೇಳಿದ. ಆ ಮಹಡಿಯಲ್ಲಿ ಕನ್ನಡ ಬರುತ್ತಿದ್ದದ್ದು ಇವಳೊಬ್ಬಳಿಗೇ. ತನ್ನ ಮೇಲೆ ಬಂದ ಮಾತನ್ನು ತಾನೇ ತಮಿಳು ಮಾಡಿ ಹೇಳಿದಳು. ಹೆಗಲಿಂದ ಸೀರೆ ತೆಗೆದು ನೇಹಾಗೆ ತಾನೇ ಉಡಿಸಿದಳು. ಸೀರೆ ಮಾರಾಟವಾಯಿತು.

"ಅಜಯ್‌ಗೆ ಬೇರೆ ಏನಾದರೂ ಹೇಳಬಾರದಿತ್ತೇನೇ, ಪೆದ್ದಿ?" ಅಂತ ರಾತ್ರಿ ಇದನ್ನು ಕೇಳಿ ನಾನು ರೇಗಿದೆ.

"ತೋಚಲಿಲ್ಲ ಕಣಕ್ಕಾ. ಆಗ ನನ್ನ ಮೈಮೇಲೆ ಒಂದು ಹನಿ ಬೆವರಿರಲಿಲ್ಲ ಗೊತ್ತಾ," ಅಂದಳು. ಆಮೇಲೆ ಅತ್ತಳು. ಆ ದಾವಣಗೆರೆಯ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಕೆ ಕೆಟ್ಟವರಲ್ಲ ಅಂತ ಪೂರ್ಣಿಮಾ ವಾದಿಸುತ್ತಾಳೆ. ಹೋಗುವಾಗ ಮದುವೆಗೆ ಬನ್ನಿ ಅಂತ ಅದೇ ಪತ್ರಿಕೆ ಕೊಟ್ಟು ಹೋದರಂತೆ!

ಮುಂದಿನ ವಾರ ಅವಳನ್ನು ನೆಲಮಾಳಿಗೆಗೆ ಹಾಕಿದರು, ಸೀರೆಗಳಿಗೆ ಫಾಲ್ಸ್ ಹಾಕಿಸಲು, ಕುಚ್ಚು ಕಟ್ಟಿಸಲು ಕೊಡುವ ಜಾಗಕ್ಕೆ. ಅಜಯ್ ಬೇಜಾರು ಮಾಡಿಕೊಂಡೇ ಹೇಳಿದನಂತೆ, ನಿಮ್ಮ ಒಳ್ಳೇದಕ್ಕೇ ಅಕ್ಕಾ ಅಂತ. ಒರಗುವ ಕುರ್ಚಿ ಕೊಟ್ಟಿದ್ದಾರೆ. ಫ್ಯಾನೂ ಇದೆ. ಪ್ರಣಮ್ಯಾಗೆ ಖುಷಿಯೋ ಖುಷಿ. ನಾನು ಹೋದ ತಿಂಗಳು ಸೊಸೆಯ ಸೀರೆಗೆ ಫಾಲ್ಸ್ ಹಾಕಿಸುವ ನೆಪದಲ್ಲಿ ಹೋಗಿ ನೋಡಿಬಂದೆ. ಟ್ಯೂಬ್‌ಲೈಟಿನ ಕೆಳಗೆ ಕೂತಿದ್ದಳು. ಅಲ್ಲಿ ಕನ್ನಡಿ ಇಲ್ಲ. ನಾನು ಕೊಟ್ಟ ಸೀರೆ ಬಿಡಿಸಿ, ಅಂಚು ನೋಡಿ, ಮಡಿಸಿ ಪಕ್ಕಕ್ಕಿಟ್ಟಳು. ಹೆಗಲ ಹತ್ತಿರಕ್ಕೂ ಒಯ್ಯಲಿಲ್ಲ.

"ಮೈ ಹೇಗಿದೆಯೇ?" ಅಂದೆ.

"ಚೆನ್ನಾಗಿದೆ ಕಣಕ್ಕಾ. ಮಂಡಿ ನೋವಿಲ್ಲ. ಬಿಸಿ ಬಂದರೆ ಆರಾಮಾಗಿ ಒರೆಸಿಕೋತೀನಿ, ಯಾರೂ ನೋಡಲ್ಲ," ಅಂದಳು. ಚೀಟಿ ಬರೆದು ನನ್ನ ಕೈಗಿಟ್ಟು, "ಮೈ ಚೆನ್ನಾಗಿಟ್ಟುಕೊಂಡು ಏನು ಮಾಡಲಿ ಹೇಳು," ಅಂದಳು.