ಶ್ರೀನಿವಾಸಪುರದ ತಾರಸಿಗೆ ಕಣ್ಣಾಗಿ ಹೋದದ್ದು

ಮೇ ತಿಂಗಳ ಒಂದು ಶನಿವಾರ, ಊಟ ಮುಗಿಸಿ ಮಾಲೂರಿನಲ್ಲಿ ಕೋಲಾರದ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಪಂಚೆ, ಟವೆಲ್, ಬಿಸಿಲಿಗೆ ಟೋಪಿ. ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಇನ್ನೊಬ್ರ ಪಾರಿವಾಳ ನೋಡೋಕೆ ಬಸ್ ಚಾರ್ಜ್ ಕೊಟ್ಕೊಂಡು ಹೋಗೋ ಗಂಡಸು ಜಿಲ್ಲೆಗೆಲ್ಲ ನೀವೊಬ್ರೇ ಕಣ್ರೀ" ಎಂದಳು. ಸುಳ್ಳಲ್ಲ. ಶ್ರೀನಿವಾಸಪುರದಲ್ಲಿ ಮೇಷ್ಟ್ರಾಗಿದ್ದಾಗ ರಹಮತ್ ನನ್ನ ಪಕ್ಕದ ಮನೆಯವನು. ವರ್ಗವಾಗಿ ಬಂದ ಮೇಲೂ ಇಪ್ಪತ್ತಾರು ಬೇಸಿಗೆ ತಪ್ಪದೆ ಹೋಗಿ, ಅವನ ತಾರಸಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಪಾರಿವಾಳದ ಪಂದ್ಯ ನೋಡಿ ಬಂದಿದ್ದೇನೆ. ಒಂದು ಹಕ್ಕಿಗೂ ಒಂದು ಕಾಳು ಹಾಕಿದವನಲ್ಲ.

ಈ ಸಲ ಅವನೇ ಫೋನ್ ಮಾಡಿದ್ದ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಿತ್ತು. ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಆಕಾಶ ಕಾಣುವುದಿಲ್ಲ. "ಇದೇ ಕೊನೇದು ಮೇಷ್ಟ್ರೇ. ಆಮೇಲೆ ಹಕ್ಕಿಗಳ್ನ ಭಾಮೈದಂಗೆ ಕೊಟ್ಬಿಡ್ತೀನಿ. ಒಂದ್ಸಲಾನೂ ಗೆದ್ದಿಲ್ಲ ನೋಡಿ, ಒಂದ್ಸಲ ಗೆದ್ದು ನಿಲ್ಲಿಸ್ಬೇಕು. ನೀವು ಈ ಸಲ ನೋಡೋಕೆ ಬರ್ಬೇಡಿ, ನಂಗೆ ಕಣ್ಣಾಗೋಕೆ ಬನ್ನಿ" ಎಂದಿದ್ದ. ನಾನು ಹಿಗ್ಗಿ ಒಪ್ಪಿಕೊಂಡಿದ್ದೆ.

ನರಸಾಪುರದಲ್ಲಿ ಪಾಳಿ ಬದಲಾಗುವ ಹೊತ್ತು. ಕಂಪನಿ ಬಸ್ಸುಗಳ ಸಾಲಿನ ಹಿಂದೆ ನಮ್ಮ ಬಸ್ಸು ಅರ್ಧ ಗಂಟೆ ತೆವಳಿತು. ಹೆಂಗಸರಿಗೆ ಟಿಕೆಟ್ ಇಲ್ಲದ್ದರಿಂದ ಸೀಟೆಲ್ಲ ಅವರದೇ, ನಾನು ಕಂಬ ಹಿಡಿದು ನಿಂತೆ. ಕೋಲಾರದಲ್ಲಿ ಟೀ ಕುಡಿದು ಶ್ರೀನಿವಾಸಪುರದ ಬಸ್ಸು ಹಿಡಿದಾಗ ಕಿಟಕಿ ಸಿಕ್ಕಿತು. ಊರು ಹತ್ತಿರವಾದಂತೆ ಮಾವಿನ ಲಾರಿಗಳು, ಹುಲ್ಲಿನ ಹೊರೆ, ಕೊಳೆತ ಹಣ್ಣಿನ ಹುಳಿ ವಾಸನೆ ಶುರುವಾದವು.

ರಹಮತ್ ಮಾವಿನ ಪೆಟ್ಟಿಗೆ ಮಾಡುವ ಬಡಗಿ. ನಾನು ಹೋದಾಗ ಮೊಳೆಯನ್ನು ಬೆರಳಲ್ಲಿ ತಡವಿ ತಡವಿ ಹೊಡೆಯುತ್ತಿದ್ದ. "ರಂಡಿ ರಂಡಿ ಮೇಷ್ಟ್ರೇ" ಎಂದು ತೆಲುಗಿನಲ್ಲಿ ಬನ್ನಿ ಬನ್ನಿ ಅನ್ನುತ್ತಾ ಎದ್ದು, ಸೀದಾ ತಾರಸಿಗೆ ಕರೆದೊಯ್ದು ಪಂದ್ಯದ ಹಕ್ಕಿಯನ್ನು ಗೂಡಿನಿಂದ ತೆಗೆದ. ಬೂದು ಮೈ, ಬಲರೆಕ್ಕೆಯ ತುದಿಯಲ್ಲಿ ಎರಡು ಬಿಳಿ ಗರಿ.

"ಹಿಡ್ಕೊಳಿ. ಕೈಯಲ್ಲಿ ಹಿಡಿದ್ರೆ ಅದರ ಮೈಕಟ್ಟು ಗೊತ್ತಾಗತ್ತೆ, ಮೇಲೆ ಹೋದಾಗ ಗುರುತು ಸಿಗತ್ತೆ."

"ನೋಡಿದ್ರೆ ಸಾಕು ನಂಗೆ" ಎಂದೆ. ಪ್ರತಿ ವರ್ಷ ಅವನು ಒಂದು ಜೊತೆ ಮರಿ ಕೊಡಲು ಬಂದಾಗಲೂ ಇದೇ ಮಾತು ಹೇಳಿದ್ದೆ. ಹಿಕ್ಕೆ ಗುಡಿಸಬೇಕು, ಬೆಕ್ಕು ಬರದಂತೆ ಕಾಯಬೇಕು, ನಸುಕಿಗೇಳಬೇಕು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನನಗೆ ಆ ನುಣುಪೇ ಬೇಕಿತ್ತು. ಅವನ ಹೆಂಡತಿ ಶಮೀಮ್ ಮಾಡಿದ್ದ ಮಾವಿನಕಾಯಿ ಬೇಳೆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು ಮಲಗಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಐದು ಮನೆಗಳ ಐದು ಹಕ್ಕಿಗಳು ಏಕಕಾಲಕ್ಕೆ ಎದ್ದವು. ಯಾರದು ಕೊನೆಗೆ ಇಳಿಯುತ್ತದೋ ಅವರು ಗೆದ್ದಂತೆ. ಬೇರೆಯವರ ತಾರಸಿಯಲ್ಲಿ ಇಳಿದರೆ ಸೋಲು. ನಮ್ಮ ತಾರಸಿಗೆ ಮುಳಬಾಗಿಲಿನಿಂದ ಬಂದ ಒಬ್ಬರು ತೀರ್ಪುಗಾರರಾಗಿ ಕೂತರು. ಇಳಿದ ಹೊತ್ತು ಬರೆಯುವುದಷ್ಟೇ ಅವರ ಕೆಲಸ, ಹಕ್ಕಿಯ ವಿಷಯದಲ್ಲಿ ಬಾಯಿ ಬಿಡುವಂತಿಲ್ಲ. ರಹಮತ್ತನ ಮಡಿಲಲ್ಲಿ ಒಂದು ಬಿಳಿ ಹೆಣ್ಣು ಪಾರಿವಾಳವಿತ್ತು. ಹಾರುವ ಹಕ್ಕಿ ದಾರಿ ತಪ್ಪುವಂತಿದ್ದರೆ ಇದನ್ನು ಮೇಲೆಸೆಯಬೇಕು. ಇದನ್ನು ಕಂಡೊಡನೆ ಹಾರುವ ಹಕ್ಕಿ ಮನೆಗೆ ಇಳಿಯುತ್ತದೆ. ಎಸೆಯುವ ಹೊತ್ತು ಹೇಳಬೇಕಾದವನು ನಾನು.

ಹತ್ತು ಗಂಟೆಗೆ ನಮ್ಮದು ಎಳ್ಳುಕಾಳಿನಷ್ಟಾಯಿತು. ಹನ್ನೆರಡಕ್ಕೆ ಒಂದು ಮನೆಯ ಹಕ್ಕಿ ಇಳಿಯಿತೆಂದು ಫೋನ್ ಬಂತು, ಆಮೇಲೆ ಇನ್ನೆರಡು. ಮೂರಕ್ಕೆ ಉಳಿದದ್ದು ನಮ್ಮದು ಮತ್ತು ಮಾವಿನ ಮಂಡಿ ಹಿಂದಿನ ಮನೆಯದು. ರಹಮತ್ ನೀರನ್ನೂ ಕುಡಿದಿರಲಿಲ್ಲ. "ಕಾಣ್ತಾ ಇದ್ಯಾ?" ಎಂದು ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಕಾಣುತ್ತಿರಲಿಲ್ಲ. ಆದರೂ "ಹೂಂ" ಎನ್ನುತ್ತಿದ್ದೆ. ಆ ಹೂಂಗುಟ್ಟಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರೂವರೆಗೆ ಮಂಡಿಯ ಶೀಟಿನ ಮೇಲೆ ಊರ ಪಾರಿವಾಳಗಳ ಗುಂಪೊಂದು ತಗ್ಗಿನಲ್ಲಿ ಸುತ್ತಿತು. ಅದರೊಳಗೊಂದು ಬೂದು ಹಕ್ಕಿ. ರೆಕ್ಕೆಯಲ್ಲಿ ಬಿಳಿ ಮಿಂಚಿತು.

"ರಹಮತ್, ನಮ್ದು ಗುಂಪಲ್ಲಿ ಸೇರ್ಕೊಂಡಿದೆ! ಮಂಡಿ ಮೇಲೆ ಇಳೀತಾ ಇದೆ!"

"ಸರಿಯಾಗ್ ನೋಡಿ ಮೇಷ್ಟ್ರೇ. ನೆತ್ತಿ ಮೇಲೆ ನೋಡಿದ್ರಾ?"

"ನೋಡ್ದೆ, ಅಲ್ಲೇನಿಲ್ಲ. ಇದೇ ನಮ್ದು. ಎಸೀರಿ!"

ತೀರ್ಪುಗಾರರು ಬಾಯಿ ತೆರೆದು ಮುಚ್ಚಿದರು. ರಹಮತ್ ಬಿಳಿಯದನ್ನು ಎಸೆದ. ಮಂಡಿಯ ಗುಂಪು ತನ್ನ ಪಾಡಿಗೆ ಹೊರಟುಹೋಯಿತು. ಏನೂ ಇಲ್ಲವೆಂದು ನಾನು ಹೇಳಿದ ನೆತ್ತಿಯ ಮೇಲಿಂದಲೇ ರೆಕ್ಕೆ ಮಡಚಿಕೊಂಡು ನಮ್ಮ ಬೂದುಹಕ್ಕಿ ಬಂತು. ಬಿಳಿಯದರ ಪಕ್ಕದಲ್ಲಿ, ರಹಮತ್ತನ ಕಾಲ ಬಳಿ ಇಳಿಯಿತು. ತೀರ್ಪುಗಾರರು ಗಡಿಯಾರ ನೋಡಿ ಬರೆದುಕೊಂಡರು.

ಇನ್ನೊಂದು ಮನೆಯ ಹಕ್ಕಿ ಇಳಿದದ್ದು ಇಪ್ಪತ್ತು ನಿಮಿಷದ ನಂತರ.

ರಹಮತ್ ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಹಕ್ಕಿಯನ್ನು ಎತ್ತಿಕೊಂಡು, ರೆಕ್ಕೆ ಬಿಡಿಸಿ, ಎದೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದ. "ಇನ್ನೂ ದಣಿದೇ ಇಲ್ಲ ಇದು. ಸಂಜೆವರ್ಗೂ ಹಾರ್ತಿತ್ತು" ಎಂದ.

"ತಪ್ಪಾಯ್ತು ರಹಮತ್."

"ಬಿಡಿ. ಇಷ್ಟು ವರ್ಷ ನೋಡಿದ್ರಲ್ಲ, ಗುರುತಿರತ್ತೆ ಅಂದ್ಕೊಂಡೆ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ನಾನು ತಲೆ ಎತ್ತಲಿಲ್ಲ.

ಐದಕ್ಕೆ ಹೊರಟೆ. ಶಮೀಮ್ ಒಂದು ಪೆಟ್ಟಿಗೆ ಬಾದಾಮಿ ಮಾವಿನ ಹಣ್ಣು ಕೊಟ್ಟರು. ರಹಮತ್ ತೂತು ಕೊರೆದ ಇನ್ನೊಂದು ಪುಟ್ಟ ಪೆಟ್ಟಿಗೆ ತಂದ. ಒಳಗೆ ಬಿಳಿ ಪಾರಿವಾಳ. "ಎಲ್ಲಾ ಹೋಗತ್ತೆ. ಇದೊಂದು ನಿಮ್ಮತ್ರ ಇರ್ಲಿ" ಎಂದ.

"ಬೇಡ ರಹಮತ್, ನೋಡಿದ್ರೆ ಸಾಕು..."

ಬಾಯಿಗೆ ಅಭ್ಯಾಸವಾಗಿದ್ದ ಮಾತು ತಾನಾಗಿ ಬಂದುಬಿಟ್ಟಿತ್ತು. ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಕೊಡಿ ಎಂದು ಕೈ ಚಾಚಲು ನನಗೆ ಮುಖವಿರಲಿಲ್ಲ.

ಕೋಲಾರದ ಬಸ್ಸು ಅವನ ಮನೆಯ ಮುಂದೆಯೇ ಹಾದುಹೋಗುತ್ತದೆ. ಪ್ರತಿ ವರ್ಷ ಅವನು ತಾರಸಿಯ ಮೇಲೆ ನಿಂತು, ಹಕ್ಕಿ ಎಬ್ಬಿಸುವ ಬಟ್ಟೆಕೋಲನ್ನು ಬೀಸಿ ಬೀಳ್ಕೊಡುತ್ತಾನೆ. ಈ ಸಲವೂ ನಿಂತಿದ್ದ. ನಮ್ಮ ಮುಂದೆ ಒಂದು ಖಾಸಗಿ ಬಸ್ಸು ಹೋಗುತ್ತಿತ್ತು. ಅದು ಮನೆಯ ಎದುರು ಬಂದಾಗ ಅವನು ಎರಡೂ ಕೈಯಲ್ಲಿ ಕೋಲು ಹಿಡಿದು ಜೋರಾಗಿ ಬೀಸಿದ, ಅದು ದಾಟುವವರೆಗೂ ಬೀಸಿದ. ನಮ್ಮ ಬಸ್ಸು ಬರುವಷ್ಟರಲ್ಲಿ ಕೋಲು ಕೆಳಗಿಟ್ಟು ಗೂಡುಗಳ ಕಡೆ ತಿರುಗಿದ್ದ.

ಕಿಟಕಿಯಿಂದ ಕೈ ಹೊರಗೆ ಚಾಚಿ, "ರಹಮತ್, ಇಲ್ಲಿ!" ಎಂದು ಕೂಗಿದೆ.

"ರೀ, ಕೈ ಒಳಗಿಟ್ಕೊಳ್ರೀ" ಎಂದ ಕಂಡಕ್ಟರು.

ಒಳಗಿಟ್ಟುಕೊಂಡೆ.