ಮಂಡಿಯಲ್ಲಿ ತೂಗಿದ ವಿಮಾನ

ಮೊನ್ನೆ ಮೊಮ್ಮಗಳು ಕಿಟಕಿಯ ಹತ್ತಿರ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂಗಾರಪೇಟೆಯ ಹುಣಿಸೆ ಮಂಡಿಯ ಹಿಂದಿನ ಶೆಡ್ಡು ನೆನಪಾಯಿತು. ವಿಮಾನದ ರೆಕ್ಕೆಗೆ ಹೊದಿಸಿದ ಬಟ್ಟೆ ಬಿಗಿಯಾಗಲೆಂದು ಅಣ್ಣ ಬಳಿಯುತ್ತಿದ್ದ ದ್ರಾವಣಕ್ಕೂ ಇದೇ ವಾಸನೆಯಿತ್ತು... ಅದರ ಹಿಂದೆಯೇ ಹಳೆಯ ಸಿಟ್ಟೂ ಬಂತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನಗಂತೂ ಇಳಿದಿಲ್ಲ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಅರವತ್ತರ ದಶಕದ ಮೊದಮೊದಲಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು. ಉರಿಗಾಂನಲ್ಲಿ ಚಿನ್ನದ ಗಣಿಯ ನಕ್ಷೆ ಬರೆಯುವ ಕೆಲಸ ಅವರದು. ನಾನು ಆಗತಾನೇ ಮೇಷ್ಟ್ರಾಗಿದ್ದೆ. ಭಾನುವಾರ ಬಂತೆಂದರೆ ಇಬ್ಬರೂ ರೈಲು ಹತ್ತಿ ಬಂಗಾರಪೇಟೆಗೆ ಹೋಗುತ್ತಿದ್ದೆವು. ಅಲ್ಲಿ ಮಂಡಿ ಸಾಹುಕಾರ ಬಿಟ್ಟುಕೊಟ್ಟ ಶೆಡ್ಡಿನಲ್ಲಿ ಅಣ್ಣ ಒಬ್ಬರೇ ಕೂರುವಷ್ಟು ಪುಟ್ಟ ವಿಮಾನ ಕಟ್ಟುತ್ತಿದ್ದರು. ರಜೆ ಹಾಕಿ ಬೆಂಗಳೂರಿಗೆ ಹೋಗಿ ಹಾರಿಸುವುದನ್ನೂ ಕಲಿತುಬಂದಿದ್ದರು. ಊರಿನವರು ಆಡಿಕೊಂಡು ನಗುತ್ತಿದ್ದರು. ಅಣ್ಣ ಅದನ್ನೆಲ್ಲ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ವರ್ಷಗಟ್ಟಲೆ ದುಡಿದ ಮೇಲೆ ವಿಮಾನ ಸಿದ್ಧವಾಯಿತು. ಉಳಿದದ್ದು ತೂಕದ ಲೆಕ್ಕ. ಒಟ್ಟು ಭಾರ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ ಎಂದು ಅಣ್ಣ ನನಗೆ ಬಿಡಿಸಿ ಹೇಳಿದ್ದರು. ಮುಂದಿನ ಎರಡು ಚಕ್ರ, ಬಾಲದ ಚಕ್ರ, ಒಂದೊಂದರ ಭಾರವನ್ನೂ ಬೇರೆಬೇರೆ ತೂಗಬೇಕು. ಮೂತಿಯಿಂದ ಅದಕ್ಕಿರುವ ದೂರದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಭಾರದಿಂದ ಭಾಗಿಸಬೇಕು. ಹಾಗೆ ಸಿಗುವ ಸಮತೋಲದ ಜಾಗ ರೆಕ್ಕೆಯ ಅಡಿಯಲ್ಲಿ ಒಂದು ಗೇಣಿನೊಳಗೇ ಇರಬೇಕು. ಬಾಲ ದೂರದಲ್ಲಿರುವುದರಿಂದ ಅಲ್ಲಿ ತುಸು ತಪ್ಪಿದರೂ ಲೆಕ್ಕ ಪೂರಾ ಕೆಡುತ್ತದೆ. ಬಾಲ ಭಾರವಾದರೆ ಮೂತಿ ಎದ್ದು ವಿಮಾನ ನೆಲಕ್ಕೆ ಬೀಳುತ್ತದೆ.

ತೂಗಲು ಮಂಡಿಯ ಕಾಟಾವನ್ನೇ ಬಳಸಿದೆವು. ಒಂದು ಚಕ್ರ ಕಾಟಾದ ಮೇಲೆ, ಉಳಿದೆರಡರ ಕೆಳಗೆ ಅದೇ ಎತ್ತರಕ್ಕೆ ಇಟ್ಟಿಗೆ. ಹಾರಿಸುವವನೂ ಸೇರಿ ತೂಗಬೇಕಲ್ಲ, ಹಾಗಾಗಿ ಅಣ್ಣ ಒಳಗೆ ಅಲ್ಲಾಡದೆ ಕೂತಿದ್ದರು. ನಾನು ರೆಕ್ಕೆ ಹಿಡಿದು ನಿಂತಿದ್ದೆ. ಮಂಡಿಯ ಮುದುಕ ತೂಕದಾಳು ಕಾಟಾ ನೋಡಿ ಕೂಗಿ ಹೇಳಿದ, ಅಣ್ಣ ಬರೆದುಕೊಂಡರು. ಲೆಕ್ಕ ಸರಿಯಾಗಿ ಕೂತಿತು. ಅವತ್ತು ಅಣ್ಣ ಸ್ಟೇಷನ್ನಿನಲ್ಲಿ ನನಗೆ ದೋಸೆ ಕೊಡಿಸಿದರು.

ಅನುಮತಿ ಕೊಡಬೇಕಿದ್ದ ಅಧಿಕಾರಿ ಬೆಂಗಳೂರಿನಿಂದ ಬಂದರು. ಅಣ್ಣನ ಹಾಳೆ ನೋಡಿ ಮೆಚ್ಚಿದರು. ಆಮೇಲೆ ಅದೇ ಕಾಟಾದಲ್ಲಿ, ತಾವೇ ಬಗ್ಗಿ ನೋಡಿ ಮತ್ತೆ ತೂಗಿಸಿದರು. ಮೂರು ಕಡೆಯೂ ಭಾರ ಹೆಚ್ಚು ಬಂತು. ಹೊಸದಾಗಿ ಗುಣಿಸಿದರೆ ಸಮತೋಲದ ಜಾಗ ಗೇಣಿನಾಚೆ, ಬಾಲದ ಕಡೆಗೆ.

ನನಗೆ ಥಟ್ಟನೆ ಹೊಳೆಯಿತು. ಸೂಟು! ರೈತ ತಂದ ಪ್ರತಿ ಮೂಟೆಯ ತೂಕದಲ್ಲೂ ಇಷ್ಟೆಂದು ಮುರಿದುಕೊಳ್ಳುವುದಕ್ಕೆ ಮಂಡಿಯಲ್ಲಿ ಹಾಗನ್ನುತ್ತಿದ್ದರು. ನಮ್ಮಪ್ಪನ ಹುಣಿಸೆಹಣ್ಣಿಗೂ ಮುರಿದವರೇ ಇವರು. ಮುದುಕನಿಗೆ ಕಳೆದೇ ಕೂಗಿ ನಾಲಿಗೆ ಪಳಗಿಹೋಗಿತ್ತು. ವಿಮಾನಕ್ಕೂ ಮೂಟೆಯ ಹಾಗೇ ಸೂಟು ಮುರಿದು ಕೂಗಿದ್ದ. ಸಾಹುಕಾರನಿಗೂ ಅರ್ಥವಾಗಿತ್ತು, ಮುಖವೇ ಹೇಳುತ್ತಿತ್ತು. ಸರ್ಕಾರದವರ ಎದುರು ಸೂಟಿನ ಮಾತೆತ್ತಿದರೆ ತನ್ನ ಬುಡಕ್ಕೇ ಬರುತ್ತದೆ. ಬದಲಿಗೆ ಹಲ್ಲುಕಿರಿದು, ತನ್ನ ಕಾಟಾ ಸರಿಯಾಗಿಯೇ ಇದೆ, ಇವರೇ ಏನೋ ತಪ್ಪು ಬರೆದುಕೊಂಡಿರಬೇಕು ಅಂದುಬಿಟ್ಟ. ಎಂಥ ಮನುಷ್ಯ!

"ಕಡಿಮೆ ಬರೆದರೆ ಅನುಮತಿ ಸಿಕ್ಕಿಬಿಡುತ್ತೆ ಅಂದುಕೊಂಡಿರಾ?" ಎಂದರು ಅಧಿಕಾರಿ.

ನಾನು ಬಾಯಿ ತೆರೆದೆ. ಅಣ್ಣ ನನ್ನ ಮುಂಗೈ ಒತ್ತಿ ಹಿಡಿದರು. ಅವರ ಕಣ್ಣು ಮೂಲೆಯಲ್ಲಿ ನಡುಗುತ್ತ ನಿಂತಿದ್ದ ಮುದುಕನ ಮೇಲಿತ್ತು. ತಪ್ಪು ತನ್ನದೇ ಎಂದುಬಿಟ್ಟರು. ಅಧಿಕಾರಿ ಹಾಳೆಗೆ ಅಡ್ಡಗೆರೆ ಎಳೆದು, ಸುಳ್ಳು ಲೆಕ್ಕ ಕೊಟ್ಟವರಿಗೆ ಅನುಮತಿಯಿಲ್ಲ ಎಂದು ಹೇಳಿ ಹೊರಟುಹೋದರು. ಯಾಕೆ ಹೆಚ್ಚುಕಡಿಮೆಯಾಯಿತು ಎಂದು ಒಂದು ಮಾತು ಕೇಳುವ ವ್ಯವಧಾನ ಆ ದೊಡ್ಡ ಮನುಷ್ಯರಿಗೆ ಇರಲಿಲ್ಲ.

ಸ್ಟೇಷನ್ನಿನ ದಾರಿಯಲ್ಲಿ ನಾನು ಕೂಗಾಡಿದೆ. ಅಣ್ಣ ಮೆಲ್ಲಗೆ ಅಂದರು, "ಸೂಟು ಅಂದಿದ್ರೆ ಸಾವ್ಕಾರ ಆ ಮುದುಕುನ್ನೇ ಹಿಡ್ಕೊಡ್ತಿದ್ದ ಕಣಪ್ಪಾ. ಈ ವಯಸ್ನಾಗೆ ಅವ್ನು ಎಲ್ಲಿಗೋಗ್ತಾನೆ? ಇಮಾನ ಇನ್ನೊಂದ್ಸಲ ಆರ್ತದೆ ಬಿಡು."

ಹಾರಲಿಲ್ಲ. ಬ್ಯಾಟರಿಯನ್ನು ಮೂತಿಯ ಕಡೆಗೆ ಸರಿಸಿ, ಹೊಸದಾಗಿ ತೂಗಿ, ಮತ್ತೆ ಮತ್ತೆ ಬರೆದು ಕಳಿಸಿದರು. ಒಮ್ಮೆ ಸುಳ್ಳುಗಾರ ಅನ್ನಿಸಿಕೊಂಡವರ ಕಾಗದಕ್ಕೆ ಯಾರು ಉತ್ತರ ಬರೆಯುತ್ತಾರೆ? ಕೊನೆಗೆ ಸಾಹುಕಾರನೇ ಶೆಡ್ಡು ಖಾಲಿ ಮಾಡಿಸಿದ. ಮುದುಕನೂ ಒಂದು ದಿನ ಬಂದು ನಿಜ ಹೇಳಲಿಲ್ಲ. ಇಂಥವರಿಗಾಗಿ ಮಾನ ಕಳೆದುಕೊಂಡರಲ್ಲ ಎಂದು ಅಣ್ಣನ ಮೇಲೂ ನನಗೆ ಕೋಪವಿತ್ತು...

ಈಗ ಅವರಿಲ್ಲ. ಹೋದ ತಿಂಗಳು ಒಂದು ಮದುವೆಯಲ್ಲಿ ಅವರ ಮಗಳು ಸಿಕ್ಕಿದ್ದಳು. ಮಾತಿನ ನಡುವೆ ನಗುತ್ತಲೇ ಕೇಳಿದಳು, "ನಮ್ಮಪ್ಪ ತೂಕ ಸುಳ್ಳು ಬರ್ದು ಸಿಕ್ಕಾಕ್ಕೊಂಡಿದ್ರಂತಲ್ಲ ಚಿಕ್ಕಪ್ಪಾ?"

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳ ನಗು ಹೋಯಿತು. ಅಪ್ಪ ಹಾಸಿಗೆ ಹಿಡಿದಿದ್ದಾಗಲೂ ತಾನು ಅದನ್ನೇ ಹೇಳಿ ರೇಗಿಸುತ್ತಿದ್ದೆ, ಅವರು ಬರೀ ನಗುತ್ತಿದ್ದರು ಎಂದಳು.