ದೊಡ್ಡಕ್ಕ ಸಮುದ್ರ ದಾಟಿದ್ದು

ಜವನಗೊಂಡನಹಳ್ಳಿಗೆ ಕೂಗಳತೆಯ ದೂರದಲ್ಲಿದ್ದ ಹಟ್ಟಿಯಲ್ಲಿ ದೊಡ್ಡಕ್ಕನಂಥ ಹಠಮಾರಿ ಇನ್ನೊಬ್ಬಳಿರಲಿಲ್ಲ. ಜಾಲಿಮುಳ್ಳಿಗೆ ಸಿಕ್ಕ ಕಂಬಳಿಯನ್ನಾದರೂ ಬಿಡಿಸಬಹುದು, ಇವಳು ಹಿಡಿದದ್ದನ್ನು ಬಿಡಿಸಲಾಗದು ಎಂದು ಗಂಡ ಕಾಟಲಿಂಗಪ್ಪನೇ ಹೇಳುತ್ತಿದ್ದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಗಿ ಇರುತ್ತಿತ್ತು.

ಅವಳಿಗೆ ಸಿಲೋನಿನ ಹುಚ್ಚು ಹಿಡಿಸಿದ್ದು ಏಕಾಂತಮ್ಮನ ಹೋಟೆಲಿನ ರೇಡಿಯೋ. ಹೆದ್ದಾರಿಯ ಪಕ್ಕದ ಆ ಚಹಾ ಹೋಟೆಲಿಗೆ ದೊಡ್ಡಕ್ಕ ದಿನಾ ಆಡಿನ ಹಾಲು ಹಾಕುತ್ತಿದ್ದಳು. ಆಸ್ಪತ್ರೆಯ ನರ್ಸಮ್ಮ ಚಂದ್ರಕ್ಕ ಅಲ್ಲಿಗೆ ಚಹಾಕ್ಕೆ ಬರುತ್ತಿದ್ದಳು. ವಿಧವೆ ಏಕಾಂತಮ್ಮ, ಮದುವೆಯ ಗೊಡವೆಗೇ ಹೋಗದ ಚಂದ್ರಕ್ಕ, ಗಂಡ ಕುರಿಯ ಹಿಂದೆ ಹೋದರೆ ಆರು ತಿಂಗಳು ಮುಖ ತೋರಿಸದ ದೊಡ್ಡಕ್ಕ, ಮೂವರಿಗೂ ಮಾತಾಡಲು ಬೇಕಾದಷ್ಟಿತ್ತು. ಒಂದು ದಿನ ರೇಡಿಯೋದಲ್ಲಿ ಹಾಡು ಮುಗಿದಾಗ ಈ ಮನುಷ್ಯ ಎಲ್ಲಿ ಕುಳಿತು ಮಾತಾಡುತ್ತಾನೆ ಎಂದು ದೊಡ್ಡಕ್ಕ ಕೇಳಿದಳು. ಸಮುದ್ರದ ಆಚೆ, ಲಂಕೆಯಲ್ಲಿ ಎಂದಳು ಚಂದ್ರಕ್ಕ. ತನ್ನ ಜೊತೆ ತರಬೇತಿಯಲ್ಲಿದ್ದ ಮಧುರೆಯ ಗೆಳತಿ ಹೋಗಿ ಬಂದಿದ್ದಾಳೆ, ರಾಮೇಶ್ವರದಿಂದ ಹಡಗು ಹತ್ತಿದರೆ ಸಂಜೆಯೊಳಗೆ ಆ ದಡ, ಅಲ್ಲಿ ಸಾವಿರಾರು ವರ್ಷದ ಹಳೇ ಪಟ್ಟಣಗಳಿವೆ ಎಂದೂ ಹೇಳಿದಳು.

ದೊಡ್ಡಕ್ಕ ಅಲ್ಲಿವರೆಗೆ ಕಂಡಿದ್ದ ದೊಡ್ಡ ನೀರೆಂದರೆ ಮಾರಿಕಣಿವೆ ಅಣೆಕಟ್ಟಿನದು ಮಾತ್ರ. "ಹಂಗಾದ್ರೆ ಹೋಗಾಣ," ಎಂದಳು. ಉಳಿದಿಬ್ಬರು ನಕ್ಕರು. ಮರುವಾರ ಅವಳು ತವರಿನಿಂದ ಬಳುವಳಿ ಬಂದ ಆಡುಗಳಲ್ಲಿ ಎರಡನ್ನು ಮಾರಿ ಬಂದಾಗ ನಗು ನಿಂತಿತು.

ಪಾಸ್‌ಪೋರ್ಟಿನ ಓಡಾಟ ಚಂದ್ರಕ್ಕನ ಪಾಲಿಗೆ ಬಂತು. ಫೋಟೊಗೆ ತಲೆಯ ಮೇಲಿನ ಸೆರಗು ತೆಗೆಯಬೇಕೆಂದು ಹಿರಿಯೂರಿನ ಸ್ಟುಡಿಯೋದವನು ಹೇಳಿದಾಗ ದೊಡ್ಡಕ್ಕ ಅವನನ್ನು ಗೋಡೆ ಕಡೆ ಮುಖ ತಿರುಗಿಸಿ ನಿಲ್ಲಿಸಿ, ಸೆರಗು ಸರಿಸಿ, ಆಮೇಲೆ ಕರೆದಳು. ಆ ಫೋಟೊದಲ್ಲಿ ಅವಳು ಜಗಳಕ್ಕೆ ಹೊರಟವಳಂತೆ ಕಾಣುತ್ತಾಳೆ. ನಿಜ ಹೇಳಬೇಕೆಂದರೆ ಹೊರಟದ್ದೂ ಹಾಗೆಯೇ.

ಏಕೆಂದರೆ ಸುದ್ದಿ ಭಾವ ಜುಂಜಯ್ಯನ ಕಿವಿಗೆ ಬಿದ್ದಿತ್ತು. ಅವನು ಹಟ್ಟಿಯ ಯಜಮಾನ. ಹಟ್ಟಿ ಎಂದರೆ ಸುತ್ತ ಮುಳ್ಳುಬೇಲಿ, ನಡುವೆ ದೇವರು. ಮುಟ್ಟಾದ ಹೆಂಗಸರು, ಹೆತ್ತ ಬಾಣಂತಿಯರು ಬೇಲಿಯ ಹೊರಗೆ ಗುಡಿಸಲಲ್ಲಿ ಇರಬೇಕು. ಹಿರಿಯರಿಂದ ನಡೆದು ಬಂದ ಕಟ್ಟು ಅದು, ಯಾರೂ ಪ್ರಶ್ನೆ ಮಾಡಿದವರಿಲ್ಲ. ಈಗ ಸಮುದ್ರ ದಾಟುವವಳಿಗೆ ಏನು ಕಟ್ಟು ಎಂಬುದು ಮಾತ್ರ ಯಾರಿಗೂ ತಿಳಿಯದು. ಜುಂಜಯ್ಯ ಕಟ್ಟೆಯ ಮೇಲೆ ಕುಳಿತು ತೀರ್ಮಾನ ಹೇಳಿದ. ಹೋಗುವುದಾದರೆ ಹೋಗು, ಬಂದ ಮೇಲೆ ಬಾಣಂತಿಯ ಹಾಗೆ ಮೂರು ತಿಂಗಳು ಹೊರಗಿರಬೇಕು.

"ಲಂಕೆಗೋಗಿ ಬಂದ ಸೀತವ್ವನ್ನೇ ಹೊರಗಿಟ್ರು. ನೀನ್ಯಾವ ಲೆಕ್ಕ?" ಎಂದ.

"ಸೀತವ್ವನ್ನ ಹೊತ್ಕೊಂಡು ಹೋದ್ರು ಭಾವ. ನಾನು ಟಿಕೇಟ್ ತಗಂಡು ಹೋಗ್ತೀನಿ," ಎಂದಳು ದೊಡ್ಡಕ್ಕ.

ಕಾಟಲಿಂಗಪ್ಪ ಅಣ್ಣನ ಎದುರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಗೊಣಗಿದ. ಆದರೆ ಹೊರಡುವ ದಿನ ತನ್ನ ಹೆಗಲ ಮೇಲಿನ ಕರಿ ಕಂಬಳಿಯನ್ನು ತೆಗೆದು ಅವಳ ಹೆಗಲಿಗೆ ಹಾಕಿದ. ಕುರಿಗಾರ ಕಂಬಳಿ ಕೊಟ್ಟನೆಂದರೆ ಇನ್ನೇನು ಹೇಳಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಏಕಾಂತಮ್ಮನ ಕಟ್ಟಪ್ಪಣೆ. ಅವಳು ಸೀಮೆಎಣ್ಣೆ ಸ್ಟವ್ ಹೊತ್ತಳು, ರಾಗಿಹಿಟ್ಟು, ಹುರುಳಿಕಾಳು, ಹುಣಸೆಹಣ್ಣು ಕಟ್ಟಿಕೊಂಡಳು. ಮಲಗಲು ಛತ್ರ, ಅದು ಸಿಗದಿದ್ದರೆ ರೈಲ್ವೆ ಸ್ಟೇಷನ್. ರಾಮೇಶ್ವರದಲ್ಲಿ ಹಡಗು ಹತ್ತಿದ ದೊಡ್ಡಕ್ಕ ಸಮುದ್ರ ನೋಡಿದ್ದು ಮೊದಲ ಹತ್ತು ನಿಮಿಷ. ಆಮೇಲೆ ಹೊಟ್ಟೆ ತೊಳಸಿ, ಕಂಬಳಿ ಮುಸುಕೆಳೆದು ಮಲಗಿದವಳು ಎದ್ದದ್ದು ಆಚೆ ದಡದ ತಲೈಮನ್ನಾರಿನಲ್ಲೇ. ಇದನ್ನು ಸಮುದ್ರ ನೋಡಿದ ಲೆಕ್ಕಕ್ಕೆ ಸೇರಿಸಬೇಡಿ, ನಾನು ಅದರೊಳಗೆ ನಿಲ್ಲಬೇಕು ಎಂದು ಇಳಿಯುತ್ತಲೇ ಹೇಳಿದಳು.

ಮೊದಲ ಪಟ್ಟಣ ಅನುರಾಧಪುರ. ಛತ್ರದಲ್ಲಿ ಬೆಳಿಗ್ಗೆ ಏಳುವಾಗ ದೊಡ್ಡಕ್ಕ ಮುಟ್ಟಾಗಿದ್ದಳು. ಯಾರೂ ಏನೂ ಹೇಳದೆಯೇ ಅವಳು ತನ್ನ ಕಂಬಳಿ ಸುತ್ತಿಕೊಂಡು ಹೋಗಿ ಛತ್ರದ ಗೇಟಿನ ಹೊರಗೆ ಮರದ ಕೆಳಗೆ ಕುಳಿತಳು. ಚಂದ್ರಕ್ಕ ನರ್ಸಾಗಿ ಬೈದಳು, ಗೆಳತಿಯಾಗಿ ಕೈ ಹಿಡಿದು ಎಳೆದಳು. ದೊಡ್ಡಕ್ಕ ಅಲ್ಲಾಡಲಿಲ್ಲ. ಹಟ್ಟಿ ಸಮುದ್ರದಾಚೆ ಉಳಿದಿತ್ತು, ಆದರೆ ಬೇಲಿಯನ್ನು ಅವಳು ಜೊತೆಯಲ್ಲೇ ತಂದಿದ್ದಳು. ಛತ್ರದ ಮುದುಕಿ ಬಂದು ತನ್ನ ಭಾಷೆಯಲ್ಲಿ ಏನೋ ಹೇಳಿ ಒಳಗೆ ಕರೆದಳು. ಇವಳು ಒಲ್ಲೆನೆಂದು ತಲೆಯಾಡಿಸಿದಳು. ಮುದುಕಿ ಕಾರಣ ಗೊತ್ತಾಗದೆ ಒಂದು ಎಳನೀರು ಕೆತ್ತಿ ಕೊಟ್ಟು ಹೋದಳು.

ಸಂಜೆ ಗೆಳತಿಯರು ಹಿಂತಿರುಗಿ ಬಂದು ಕಂಡದ್ದನ್ನೆಲ್ಲ ಹೇಳಿದರು. ಎರಡು ಸಾವಿರ ವರ್ಷಗಳಿಂದ ಕಾಪಾಡಿಕೊಂಡು ಬಂದ ಅರಳಿಮರ, ಗುಡ್ಡದಷ್ಟು ಎತ್ತರದ ಬಿಳಿ ಸ್ತೂಪ, ರಾಜರು ಕಟ್ಟಿಸಿದ ಕೆರೆಗಳು. ದೊಡ್ಡಕ್ಕ ಕುಳಿತಲ್ಲಿಂದ ಕಂಡದ್ದು ಮರಗಳ ಮೇಲೆ ಆ ಸ್ತೂಪದ ತುದಿ ಮಾತ್ರ. ಮರುದಿನ ರೈಲು. ಎರಡು ಆಡು ಮಾರಿ, ಹಟ್ಟಿಯನ್ನು ಎದುರು ಹಾಕಿಕೊಂಡು ಇಷ್ಟು ದೂರ ಬಂದವಳು ಒಂದಿಡೀ ಪಟ್ಟಣವನ್ನು ಕೈಯಾರೆ ಕಳೆದುಕೊಂಡಿದ್ದಳು. ಅವಳಿಗೆ ಹೊಟ್ಟೆ ಉರಿಯಿತು. ಯಾರ ಮೇಲೆ ಉರಿಯಬೇಕೆಂದು ತಿಳಿಯದೆ ಸುಮ್ಮನೆ ಅತ್ತಳು.

ಪೊಲನ್ನರುವದಲ್ಲಿ ಇಳಿದಾಗ ಚಂದ್ರಕ್ಕ ಅವಳಿಗಾಗಿ ಒಂದು ನೆರಳು ಹುಡುಕತೊಡಗಿದಳು. ದೊಡ್ಡಕ್ಕ ತಡೆದಳು.

"ಬ್ಯಾಡ ಕಣೆ. ಇಲ್ಲೂ ಹೊರಗೆ ಕುಂತ್ರೆ ಇನ್ನೊಂದು ಊರು ಹೋಗ್ತೈತೆ. ನಡಿ," ಎಂದಳು.

ನಡೆದಳು. ಬಂಡೆಯಲ್ಲಿ ಕೆತ್ತಿದ, ಮಲಗಿರುವ ಬುದ್ಧನ ಮುಂದೆ ನಿಂತು ಆಕಾಶದ ಕಡೆ ನೋಡಿದಳು. ಸಿಡಿಲೇನೂ ಬೀಳಲಿಲ್ಲ. ಕಲ್ಲಿನ ಆ ಮುಖ ಹಾಯಾಗಿತ್ತು. ಇಷ್ಟು ನೆಮ್ಮದಿಯಾಗಿ ಮಲಗಿದ ಗಂಡಸನ್ನು ತಾನು ಕಂಡಿರಲಿಲ್ಲ ಎಂದು ಏಕಾಂತಮ್ಮ ಪಿಸುಗುಟ್ಟಿದಾಗ ದೊಡ್ಡಕ್ಕ ಮೊದಲ ಸಲ ನಕ್ಕಳು. ಮುಂದೆ ತ್ರಿಂಕೋಮಲಿಯ ಕಡಲಲ್ಲಿ ಸೊಂಟದ ಮಟ್ಟ ನೀರಿಗಿಳಿದು ನಿಂತಳು. ಕಾಲ ಕೆಳಗಿನ ಮರಳು ಜಾರಿದರೂ ಅವಳು ಜಾರಲಿಲ್ಲ. ಹೆಗಲ ಮೇಲಿದ್ದ ಗಂಡನ ಕಂಬಳಿ ನೆನೆದು, ಒಣಗಿದ ಮೇಲೆ ಉಪ್ಪಿನಿಂದ ಬಿರುಸಾಯಿತು.

ಹಿಂತಿರುಗಿ ಬಂದಾಗ ಕಾಟಲಿಂಗಪ್ಪ ಕುರಿಯ ಹಿಂದೆ ಹೋಗಿದ್ದ, ಜುಂಜಯ್ಯ ಬೇಲಿಯ ಬಾಯಲ್ಲೇ ನಿಂತಿದ್ದ. ಅಲ್ಲಿ ಮಡಿಮೈಲಿಗೆ ನೋಡಿಕೊಂಡೆಯಾ ಎಂದು ಕೇಳಿದ. ದೊಡ್ಡಕ್ಕ ಸುಳ್ಳು ಹೇಳಬಹುದಿತ್ತು. ಒಂದು ದಿನ ಹೊರಗೆ ಕೂತೆ, ಆಮೇಲೆ ಕೂರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತಾನಾಗಿಯೇ ಹೊರಗಿನ ಗುಡಿಸಲಿಗೆ ಹೋದಳು. ಹೊರಗಿರುವುದು ಅವಳಿಗೇನು ಹೊಸದೇ? ಅಲ್ಲಿಯೇ ಮೂರು ಮಕ್ಕಳನ್ನು ಹೆತ್ತಿದ್ದಳು.

ಕೆಲವು ವಾರಗಳಲ್ಲಿ ಪಕ್ಕದ ಗುಡಿಸಲಿಗೆ ಜುಂಜಯ್ಯನ ಸೊಸೆ ಹುಚ್ಚಕ್ಕ ಬಂದಳು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಗುಡಿಸಲಿಗೆ ಹೊದಿಸಿದ ಗರಿಯ ಸಂದಿನಿಂದ ಬಿಸಿಲು, ಗಾಳಿ, ದೂಳು ಎಲ್ಲವೂ ಒಳಗೆ ಬರುತ್ತಿದ್ದವು. ದೊಡ್ಡಕ್ಕ ಆ ಹುಡುಗಿಗೆ ನೀರು ಕಾಯಿಸಿ ಕೊಟ್ಟಳು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದಳು, ಸಂಜೆ ಹೊತ್ತು ಕಡಲಿನ ಕತೆ ಹೇಳಿದಳು. ನೀರು ತರುವ ನೆಪದಲ್ಲಿ ಹಟ್ಟಿಯ ಹೆಂಗಸರೂ ಬಂದು ದೂರದಲ್ಲಿ ಕುಳಿತು ಕೇಳತೊಡಗಿದರು.

ಮೂರು ತಿಂಗಳು ತುಂಬಿದ ದಿನ ಜುಂಜಯ್ಯ ಬಂದು ಒಳಗೆ ಬಾ ಎಂದ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

"ಹುಚ್ಚಕ್ಕನ್ನೂ ಕರೀರಿ ಭಾವ. ಕೂಸಿನ ಜೊತೆ ಮೂವರೂ ಬರ್ತೀವಿ."

ಅವಳ ದಿನ ಇನ್ನೂ ತುಂಬಿಲ್ಲ, ಕಟ್ಟು ಮುರಿಯಲಾಗದು ಎಂದ ಜುಂಜಯ್ಯ.

"ಹಂಗಾದ್ರೆ ನಾನೂ ಇಲ್ಲೇ ಇರ್ತೀನಿ. ಒಂದಿನ ಹೊರಗೆ ಕುಂತು ನಾನು ಒಂದು ಪಟ್ಣನೇ ಕಳಕೊಂಡೆ. ಈ ಕೂಸು ಏನು ಕಳಕೊಬೇಕು?"

ದೊಡ್ಡಕ್ಕ ಸುತ್ತಿಟ್ಟಿದ್ದ ಕಂಬಳಿಯನ್ನು ಮತ್ತೆ ಬಿಚ್ಚಿ ಹಾಸಿದಳು. ಜುಂಜಯ್ಯ ಸಿಟ್ಟಿನಿಂದ ಹೋದ. ಸ್ವಲ್ಪ ಹೊತ್ತಿನಲ್ಲೇ ಗಾಳಿ ಎದ್ದಿತು, ಮಳೆ ಬಿತ್ತು, ಹುಚ್ಚಕ್ಕನ ಗುಡಿಸಲಿನ ಮಾಡು ಅರ್ಧ ಹಾರಿಹೋಯಿತು. ದೊಡ್ಡಕ್ಕ ಉಪ್ಪಿನ ಕಂಬಳಿಯನ್ನು ತಾಯಿ ಮಗುವಿನ ಮೇಲೆ ಹೊದಿಸಿ, ತಾನು ನೆನೆಯುತ್ತಾ ಬೇಲಿಯ ಕಡೆ ನೋಡುತ್ತ ಕುಳಿತಳು. ಒಳಗಿನಿಂದ ನೋಡುತ್ತಿದ್ದವರಿಗೂ ಅವಳು ಕಾಣುತ್ತಿದ್ದಳು. ಕೂಸಿನ ಅಳು ಬೇಲಿ ದಾಟಿ ಒಳಗೆ ಕೇಳುತ್ತಿತ್ತು.

ಜುಂಜಯ್ಯ ಮತ್ತೆ ಬಂದ. ಯಾರನ್ನೂ ಕರೆಯದೆ ಬೇಲಿಯ ಬಾಯಿಗೆ ಅಡ್ಡವಿದ್ದ ಮುಳ್ಳಿನ ಕೊಂಬೆಯನ್ನು ತಾನೇ ಎಳೆದು ಹಾಕಿದ. "ನಡೀರಿ, ಎಲ್ಲರೂ," ಎಂದ.

ದೊಡ್ಡಕ್ಕ ಗೆದ್ದೆ ಎನ್ನಲಿಲ್ಲ. ಹುಚ್ಚಕ್ಕನನ್ನು ಮೊದಲು ಬಿಟ್ಟು, ಕೂಸನ್ನೆತ್ತಿಕೊಂಡು ಹಿಂದೆ ನಡೆದಳು. ಕೂಸು ಹೊದ್ದಿದ್ದ ಕಂಬಳಿಯ ತುದಿಯನ್ನು ಜುಂಜಯ್ಯ ಮುಟ್ಟಿ ನೋಡಿದ. ಮಳೆಯಲ್ಲಿ ನಿಂತೇ ಮೆಲ್ಲಗೆ ಕೇಳಿದ.

"ಆ ಸಮುದ್ರ ಮಾರಿಕಣಿವೆಗಿಂತಲೂ ದೊಡ್ಡದೈತಾ?"

"ಯಾಕೆ ಹೊರಗೆ ನಿಂತೀರಿ?" ಎಂದಳು ದೊಡ್ಡಕ್ಕ. "ಒಳಗೆ ಬರ್ರಿ ಭಾವ, ಕುಂತ್ಕಳ್ರಿ, ಹೇಳ್ತೀನಿ."